ನಮ್ಮ ಕಂಪ್ಯೂಟರಿಗೆ ನೀರು ಬಿಟ್ಟದ್ದು

ನಮ್ಮ ಮನೆಯ ಕಂಪ್ಯೂಟರಿನೊಳಗೆ ನೀರು ಹರಿಯುತ್ತದೆ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ, ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೇನೆ. ಮನೆಗೆ ಬಂದವರಿಗೆ ಕಾಫಿ ಕೊಡುವುದಕ್ಕೆ ಮೊದಲು ಅದನ್ನು ತೋರಿಸುತ್ತೇನೆ. ಎಷ್ಟೋ ಸಲ ತೋರಿಸುವ ಭರದಲ್ಲಿ ಕಾಫಿಯ ಮಾತೇ ಮರೆತುಹೋಗಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಪಕ್ಕದ ಮನೆಯ ಸುಮಿತ್ರಾ ಆಂಟಿಗೆ, "ನೋಡಿ ಆಂಟಿ, ಕಂಪ್ಯೂಟರ್ ಒಳಗೆ ನೀರಿದೆ" ಎಂದು ಎದೆಯುಬ್ಬಿಸಿ ಹೇಳಿದೆ. ಆಕೆ, "ಅಯ್ಯೋ, ಸೋರ್ತಿದ್ಯಾ? ಮೊದ್ಲು ಮೇನ್ ಆಫ್ ಮಾಡಪ್ಪ!" ಎಂದು ಬಾಗಿಲ ಕಡೆ ಓಡಿದರು. ನನ್ನ ಷಡ್ಡಕ ಗಾಜಿನ ಬದಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿ, "ಮೀನು ಬಿಟ್ಟಿಲ್ವಾ ಗುರು?" ಎಂದ. ಇಂಥ ಮಾತುಗಳಿಂದ ನನ್ನ ಹೆಮ್ಮೆಗೆ ಏನೂ ಆಗಿಲ್ಲ. ಅದಕ್ಕೆ ಆಗಬೇಕಾದದ್ದೆಲ್ಲ ಈ ನೀರಿನ ದಾರಿಯ ನಕ್ಷೆ ಬರೆಯುವಾಗಲೇ ಆಗಿಹೋಗಿದೆ. ಆ ಕತೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ಮೊದಲು ನನ್ನ ಕಸುಬು ಏನೆಂದು ಹೇಳಿಬಿಡಬೇಕು. ಇನ್ನೂ ಕಟ್ಟದಿರುವ ಮನೆಗಳ ಚಿತ್ರ ತೆಗೆಯುವುದು ನನ್ನ ಕೆಲಸ. ಬಿಲ್ಡರುಗಳು ನಕ್ಷೆ ಕಳಿಸುತ್ತಾರೆ. ನಾನು ಕಂಪ್ಯೂಟರಿನಲ್ಲಿ ಆ ಅಪಾರ್ಟ್‌ಮೆಂಟನ್ನು ಎಬ್ಬಿಸಿ ನಿಲ್ಲಿಸಿ, ಬಾಲ್ಕನಿಗೆ ಹೂಕುಂಡ ಇಟ್ಟು, ಹುಲ್ಲಿನ ಮೇಲೆ ನಗುನಗುತ್ತಾ ನಡೆಯುವ ಗಂಡಹೆಂಡಿರನ್ನು ಬಿಟ್ಟು ವಾಪಸು ಕಳಿಸುತ್ತೇನೆ. ನನ್ನ ಚಿತ್ರಗಳಲ್ಲಿ ಯಾವ ಗೋಡೆಯೂ ತೇವ ಹಿಡಿಯುವುದಿಲ್ಲ, ಯಾವ ಹೆಂಡತಿಯೂ ರೇಗುವುದಿಲ್ಲ, ಕಾರು ನಿಲ್ಲಿಸಲು ಎಲ್ಲರಿಗೂ ಜಾಗ ಸಿಗುತ್ತದೆ. ಇಷ್ಟು ದೊಡ್ಡ ಸುಳ್ಳನ್ನು ಬೆಳಕು ನೆರಳು ಸಮೇತ ಲೆಕ್ಕ ಹಾಕಿ ತುಂಬಲು ಕಂಪ್ಯೂಟರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಅದು ಹಂಚಿನಂತೆ ಕಾಯುತ್ತದೆ. ಕಾದದ್ದನ್ನು ಆರಿಸಲು ಒಳಗಿನ ಫ್ಯಾನುಗಳೆಲ್ಲ ಒಟ್ಟಿಗೆ ಭೋರಿಡುತ್ತವೆ. ಹನ್ನೆರಡು ವರ್ಷದಿಂದ ಆ ಭೋರು ಕೇಳಿ ಕೇಳಿ, ಅದು ನಿಂತರೇ ನನಗೆ ಏನೋ ಕೆಟ್ಟಿತು ಅನ್ನಿಸುತ್ತಿತ್ತು.

ನನ್ನ ಹೆಂಡತಿ ಗಿರಿಜಾ ಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಸಾಯಂಕಾಲ ಮನೆಗೆ ಬಂದು ಮುಖ ತೊಳೆದು, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ನಾಲ್ಕು ವರ್ಷದಿಂದ ಇದನ್ನು ಒಂದು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದಾಳೆ. ಬನಶಂಕರಿಯ ನಮ್ಮ ಮನೆಯಲ್ಲಿ ಹಾಲಿಗೆ ಬಸ್ಸಿನ ಹಾರ್ನು, ಅಡುಗೆಮನೆಗೆ ಎದುರು ಮನೆಯವರ ಕುಕ್ಕರ್ ಕೇಳಿಸುತ್ತದೆ. ಒಂದು ಕೋಣೆ ಮಾವನವರದು. ಉಳಿದ ನನ್ನ ಕೆಲಸದ ಕೋಣೆಯೇ ಸ್ವಲ್ಪ ಒಳಗಿದೆ. ಹೀಗಾಗಿ ನಾನು ಆಚೆ ಕುರ್ಚಿಯಲ್ಲಿ ಕಟ್ಟದ ಮನೆ ಕಟ್ಟುವುದು, ಅವಳು ಈಚೆ ಕುರ್ಚಿಯಲ್ಲಿ ಪಾಠ ಓದುವುದು ನಡೆದೇ ಇತ್ತು.

ಒಂದು ದಿನ ವಿಲ್ಸನ್ ಗಾರ್ಡನ್ನಿನ ರಂಜಿತಾ ಎಂಬ ಪಿಯುಸಿ ಹುಡುಗಿ ಗಿರಿಜಾಳಿಗೆ ಧ್ವನಿ ಸಂದೇಶ ಕಳಿಸಿದಳು. ದೂರಲ್ಲ, ಬಹಳ ವಿನಯದ ಮಾತು.

"ಮೇಡಂ, ಪಾಠ ಸಖತ್ತಾಗಿ ಓದಿದ್ದೀರ. ಒಂದು ಕೇಳ್ಲಾ? ನಿಮ್ಮನೆ ಹತ್ರ ಯಾವಾಗ್ಲೂ ಮಳೆನಾ? ಪಾಣಿಪತ್ ಯುದ್ಧ ಪೂರ್ತಿ ಮಳೇಲೇ ಆಯ್ತು ಮೇಡಂ. ಇಸವಿ ಸರ್ಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಗಿರಿಜಾ ಅದನ್ನು ಎರಡು ಸಲ ಕೇಳಿದಳು. ಆಮೇಲೆ ಕಂಪ್ಯೂಟರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ಸಾಕು.

ನಾನು ಮೊದಲು ಮಾಡಿದ್ದು ಎಲ್ಲ ಗಂಡಸರೂ ಮಾಡುವ ಕೆಲಸ. ಕಂಪ್ಯೂಟರಿನ ಮೇಲೆ ಕಂಬಳಿ ಹೊದಿಸಿದೆ. ಅದು ಇನ್ನಷ್ಟು ಕಾದು, ಇನ್ನಷ್ಟು ಕೂಗಿ, ಕೊನೆಗೆ ತಾನಾಗಿಯೇ ಆಫ್ ಆಯಿತು. ಬಿಲ್ಡರೊಬ್ಬರ ಈಜುಕೊಳ ಅರ್ಧಕ್ಕೇ ಹೋಯಿತು. ಆಮೇಲೆ ಓದಿ, ವಿಚಾರಿಸಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ನಾಲ್ಕು ಜನರ ತಲೆ ತಿಂದು ಒಂದು ತೀರ್ಮಾನಕ್ಕೆ ಬಂದೆ. ಸ್ಕೂಟರಿನ ಇಂಜಿನ್ನನ್ನು ಗಾಳಿ ಆರಿಸುತ್ತದೆ, ಕಾರಿನದನ್ನು ನೀರು ಆರಿಸುತ್ತದೆ. ಕಂಪ್ಯೂಟರನ್ನೂ ಕಾರು ಮಾಡಿಬಿಡಬಹುದು. ಪುಟ್ಟ ಟ್ಯಾಂಕಿನಿಂದ ಪುಟ್ಟ ಪಂಪು ನೀರನ್ನು ತಳ್ಳುತ್ತದೆ. ನೀರು ಒಳಗೆ ಬಿಸಿಯಾಗುವ ಎರಡು ಭಾಗಗಳ ಬೆನ್ನು ಸವರಿಕೊಂಡು, ಶಾಖ ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ದೊಡ್ಡ ಫ್ಯಾನುಗಳು ಆರಾಮವಾಗಿ, ಸದ್ದಿಲ್ಲದೆ ತಿರುಗುತ್ತಾ ಅದನ್ನು ತಣಿಸುತ್ತವೆ. ತಣಿದ ನೀರು ಮತ್ತೆ ಟ್ಯಾಂಕಿಗೆ. ಈ ಸುತ್ತಿಗೆ ಲೂಪ್ ಎನ್ನುತ್ತಾರೆ. ಸಾಮಾನುಗಳು ಅಂಗಡಿಯಲ್ಲಿ ಸಿಗುತ್ತವೆ, ಸುತ್ತು ಮಾತ್ರ ಸಿಗುವುದಿಲ್ಲ. ಯಾವ ಕೊಳವೆ ಎಲ್ಲಿಂದ ಹೊರಟು ಎಲ್ಲಿ ತಿರುಗಿ ಎಲ್ಲಿಗೆ ಸೇರಬೇಕು ಎಂಬುದನ್ನು ನಾವೇ ಗೀಚಿಕೊಳ್ಳಬೇಕು.

ಗೀಚುವುದೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಮೂವತ್ತು ಮಹಡಿಯ ಕಟ್ಟಡವನ್ನು ಪರದೆಯ ಮೇಲೆ ನಿಲ್ಲಿಸುವವನಿಗೆ ಸೂಟ್‌ಕೇಸಿನಷ್ಟು ದೊಡ್ಡ ಒಂದು ಡಬ್ಬ ಯಾವ ಲೆಕ್ಕ! ಒಂದೇ ವಾರದಲ್ಲಿ ಹನ್ನೊಂದು ನಕ್ಷೆ ಬರೆದೆ. ಹನ್ನೊಂದನೆಯದಂತೂ ನೋಡಿದರೆ ದೃಷ್ಟಿಯಾಗಬೇಕು. ಗಾಜಿನಂತೆ ಹೊಳೆಯುವ ಗಟ್ಟಿ ಕೊಳವೆಗಳು, ಒಂದೊಂದೂ ತೊಂಬತ್ತು ಡಿಗ್ರಿಗೆ ಸರಿಯಾಗಿ ತಿರುಗಿ, ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗಿ, ನಡುವೆ ಒಂದು ಕಮಾನು. ಪಂಪು ಕಣ್ಣಿಗೆ ಬೀಳದಂತೆ ಮೇಲಿನ ಅಟ್ಟದಲ್ಲಿ. ಟ್ಯಾಂಕು ಎದುರಿಗೆ ಕೆಳಗೆ, ದೀಪದ ಬೆಳಕಿನಲ್ಲಿ, ನೀಲಿ ನೀರು ತುಂಬಿಕೊಂಡು. ಅದನ್ನು ಪರದೆ ತುಂಬ ಇಟ್ಟುಕೊಂಡು ನಾನು ಮುಗುಳುನಗುತ್ತಿದ್ದಾಗ ಮಾವ ಊಟಕ್ಕೆ ಕರೆಯಲು ಬಂದು ಹಿಂದೆ ನಿಂತರು.

ಮಾವನವರ ಹೆಸರು ನಂಜುಂಡಪ್ಪ. ಗುಂಡ್ಲುಪೇಟೆ ಕಡೆಯವರು, ಇಪ್ಪತ್ತರ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದವರು. ಮೂವತ್ತೈದು ವರ್ಷ ಇದೇ ಬನಶಂಕರಿ, ತ್ಯಾಗರಾಜನಗರದ ಬೀದಿಗಳಲ್ಲಿ ನೀರು ಬಿಟ್ಟವರು. ಬೀದಿಯ ಕೆಳಗಿನ ವಾಲ್ವಿಗೆ ಎದೆಯುದ್ದದ ಕಬ್ಬಿಣದ ಕೀಲಿ ಇಳಿಸಿ ಅವರು ತಿರುಗಿಸಿದರೆ ಒಂದು ಬೀದಿಗೆ ನೀರು, ಮತ್ತೆ ತಿರುಗಿಸಿದರೆ ಇನ್ನೊಂದು ಬೀದಿಗೆ. ಇವತ್ತಿಗೂ ತರಕಾರಿ ಕೊಳ್ಳಲು ಹೋದರೆ ವಯಸ್ಸಾದ ಹೆಂಗಸರು ಅವರನ್ನು ನಿಲ್ಲಿಸಿ, "ನೀರು ಬಿಡೋ ನಂಜುಂಡಪ್ಪನೋರಲ್ವಾ?" ಎಂದು ಮಾತಾಡಿಸುತ್ತಾರೆ. ಹಳ್ಳಿಯಲ್ಲಿ ಕೆರೆಯ ನೀರನ್ನು ಗದ್ದೆಗದ್ದೆಗೆ ಪಾಲು ಮಾಡುತ್ತಿದ್ದವನಿಗೆ ನೀರಗಂಟಿ ಎನ್ನುತ್ತಿದ್ದರು. ನೀರಿನ ವಿಷಯದಲ್ಲಿ ಊರಿನ ದೊಡ್ಡವರೂ ಅವನ ಮಾತು ಮೀರುತ್ತಿರಲಿಲ್ಲ. ಆ ಹುದ್ದೆಗೆ ನಗರ ಪ್ಯಾಂಟು ತೊಡಿಸಿ, ಕೈಗೆ ಕೀಲಿ ಕೊಟ್ಟರೆ ನಮ್ಮ ಮಾವ.

ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಅಳಿಯ ಮಾವಂದಿರ ನಡುವೆ ಮಾತು ಕಡಿಮೆ, ಮರ್ಯಾದೆ ಜಾಸ್ತಿ. ನನ್ನ ಕೆಲಸವನ್ನು ಅವರು ಒಮ್ಮೆ ಮಾತ್ರ ನೋಡಿದ್ದರು. ಹತ್ತನೇ ಮಹಡಿಯ ತಾರಸಿಯಲ್ಲಿ ನಾನು ತುಳುಕಿಸಿದ್ದ ಈಜುಕೊಳದ ಎದುರು ನಿಂತು, "ಈ ನೀರು ಎಲ್ಲಿಂದ ಬರುತ್ತೆ ಅಳಿಯಂದ್ರೇ?" ಎಂದು ಕೇಳಿದ್ದರು. "ಇದು ಚಿತ್ರ ಮಾವ" ಎಂದಿದ್ದೆ. "ಓಹೋ" ಎಂದು ಹೊರಟುಹೋಗಿದ್ದರು. ಆ "ಓಹೋ" ಬಹಳ ದಿನ ನನ್ನ ಕಿವಿಯಲ್ಲಿತ್ತು.

ಈಗ ಅವರು ಹನ್ನೊಂದನೆಯ ನಕ್ಷೆಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದ್ಯಾವ ಲೇಔಟು ಅಳಿಯಂದ್ರೇ? ಜೆ.ಪಿ. ನಗರದ ಕಡೆನಾ?"

"ಇಲ್ಲ ಮಾವ. ಕಂಪ್ಯೂಟರ್ ಒಳಗಿನ ಲೇಔಟು. ನೀರಿನ ಪೈಪು."

ಅವರು ಒಂದು ಹೆಜ್ಜೆ ಮುಂದೆ ಬಂದರು. ಬೆರಳನ್ನು ಪರದೆಗೆ ತಾಗಿಸದೆ ಗೆರೆಗಳ ಗುಂಟ ನಿಧಾನವಾಗಿ ಒಯ್ದರು. ಕಮಾನಿನ ನೆತ್ತಿಯಲ್ಲಿ ಬೆರಳು ನಿಂತಿತು.

"ಇಲ್ಲಿ ಗಾಳಿ ಕೂತ್ಕೊಳ್ಳುತ್ತೆ."

"ಹಾಂ?"

"ಗಾಳಿ. ಎತ್ತರದ ಜಾಗ ಹುಡುಕ್ಕೊಂಡು ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ಯಾರಪ್ಪ ಬಂದ್ರೂ ಏಳಲ್ಲ. ಅಲ್ಲಿ ನೀರು ಹೋಗಲ್ಲ." ಬೆರಳು ಅಟ್ಟದ ಪಂಪಿಗೆ ಹೋಯಿತು. "ಟ್ಯಾಂಕು ಕೆಳಗೆ, ಪಂಪು ಮೇಲೆ ಇಟ್ಟಿದ್ದೀರಿ. ನೀರು ತಾನಾಗಿ ಪಂಪಿಗೆ ಇಳೀಬೇಕು. ನೀರನ್ನ ಮೇಲಕ್ಕೆ ಹತ್ತಿಸಿದ್ರೆ ಪಂಪು ಒಣಗೇ ತಿರುಗಿ ಸುಟ್ಟುಹೋಗುತ್ತೆ." ಆಮೇಲೆ ಇಡೀ ನಕ್ಷೆಯನ್ನು ಹಿಂದಕ್ಕೆ ಸರಿದು ನೋಡಿ, ಬಹಳ ಮೆತ್ತಗೆ ಕೇಳಿದರು. "ನೀರು ಒಳಕ್ಕೆ ಎಲ್ಲಿಂದ ಬಿಡ್ತೀರಿ? ಬದಲಾಯಿಸ್ಬೇಕಾದ್ರೆ ಎಲ್ಲಿ ತೆಗೀತೀರಿ?"

ಎರಡಕ್ಕೂ ಜಾಗವನ್ನೇ ಇಟ್ಟಿರಲಿಲ್ಲ. ನನ್ನ ನಕ್ಷೆಯಲ್ಲಿ ನೀರು ಹುಟ್ಟಿನಿಂದಲೇ ಒಳಗಿತ್ತು, ಎಂದೆಂದೂ ಹೊರಗೆ ಬರುವಂತಿರಲಿಲ್ಲ. ಹನ್ನೆರಡು ವರ್ಷ ಚಿತ್ರದ ನೀರಿನಲ್ಲಿ ಕೈಯಾಡಿಸಿದವನ ಬುದ್ಧಿ ಅದು. ಅವತ್ತು ಊಟ ಇಳಿಯಲಿಲ್ಲ. ನಾನು ಮೂರು ಮೂರು ರೊಟ್ಟಿ ತಿನ್ನುವವನು ಒಂದಕ್ಕೇ ಎದ್ದೆ. ಗಿರಿಜಾ, "ಯಾಕ್ರೀ, ಹುಷಾರಿಲ್ವಾ?" ಎಂದಳು. ಮಾವ ಮುಖ ಎತ್ತದೆ, "ಅವರು ಯೋಚ್ನೆ ಮಾಡ್ತಿದಾರೆ, ಬಿಡಮ್ಮ" ಎಂದರು.

ಮಾರನೆಯ ದಿನ ನಾನೇ ಹೋಗಿ ಅವರ ಕೋಣೆಯ ಬಾಗಿಲಲ್ಲಿ ನಿಂತೆ. "ಮಾವ, ಸ್ವಲ್ಪ ಬಂದು ನೋಡ್ತೀರಾ?" ಎಂದೆ. ಈ ಮನೆಗೆ ಬಂದ ಮೂರು ವರ್ಷದಲ್ಲಿ ಅವರು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ.

ಅವರು ನಕ್ಷೆಯನ್ನು ಕೇಳಲಿಲ್ಲ, ಡಬ್ಬವನ್ನು ಕೇಳಿದರು. ಬದಿಯ ಗಾಜು ಬಿಚ್ಚಿ, ಸ್ಟೂಲು ಎಳೆದುಕೊಂಡು, ಟಾರ್ಚು ಬಿಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮ್ಮನೆ ಒಳಗೆ ನೋಡಿದರು. ಆಗಾಗ ಒಂದೊಂದು ಪ್ರಶ್ನೆ. "ಜಾಸ್ತಿ ಕಾಯೋದು ಯಾವುದು? ಇದು ಅಲುಗಾಡುತ್ತಾ? ಇದನ್ನ ಬಿಚ್ಬೇಕಾದ್ರೆ ಕೈ ಎಲ್ಲಿಂದ ಹಾಕ್ತೀರಿ?" ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆ. ಎರಡು ಬಿಸಿ ಭಾಗಗಳಲ್ಲಿ ಯಾವುದಕ್ಕೆ ಮೊದಲು ನೀರು ಹೋಗಬೇಕು ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಅವರು ಕೇಳಿ ನಕ್ಕರು. "ಇಷ್ಟು ಚಿಕ್ಕ ಸುತ್ತು, ಇಷ್ಟು ಜೋರಾಗಿ ಓಡೋ ನೀರು. ಎಲ್ಲಾ ಕಡೆ ಒಂದೇ ಬಿಸಿ ಇರುತ್ತೆ. ಯಾರು ಮೊದ್ಲು ಅಂತ ಜಗಳ ಆಡೋದು ಜನ, ನೀರಲ್ಲ." ಆಮೇಲೆ ನಾನು ಹುಡುಕಿ ನೋಡಿದೆ. ಅವರು ಹೇಳಿದ್ದೇ ನಿಜ.

ಭಾನುವಾರ ಅವರು ನನ್ನನ್ನು ಬೇಗೂರಿಗೆ ಕರೆದುಕೊಂಡು ಹೊರಟರು. ನಾಗೇಶ್ವರನ ದರ್ಶನ ಎಂದು ನಾನು ತಿಳಿದಿದ್ದೆ. ದರ್ಶನವೂ ಆಯಿತು. ಅಲ್ಲಿಂದ ನೇರ ಕೆರೆಯ ಏರಿಯ ಮೇಲೆ ನಡೆಸಿದರು. ಅವರ ಸರ್ವಿಸ್ಸಿನ ಕಾಲದಲ್ಲಿ ಬಿಡುವಿದ್ದಾಗೆಲ್ಲ ಸುತ್ತಲ ಕೆರೆಗಳನ್ನು ನೋಡುತ್ತ ತಿರುಗುವುದು ಅವರಿಗಿದ್ದ ಒಂದೇ ಚಟವಂತೆ. ನಮ್ಮ ಊರಿನ ಕೆರೆಗಳನ್ನು ಕಟ್ಟಿದವರು ಒಂದು ತುಂಬಿದರೆ ಅದರ ಹೆಚ್ಚುವರಿ ನೀರು ಕೋಡಿ ಹರಿದು ಕೆಳಗಿನದಕ್ಕೆ, ಅದೂ ತುಂಬಿದರೆ ಅದರಿಂದಾಚೆಗೆ ಹೋಗುವಂತೆ ಸರಪಣಿ ಹಾಕಿದ್ದರು. ಪಂಪಿಲ್ಲ, ಕರೆಂಟಿಲ್ಲ, ನೆಲದ ಇಳಿಜಾರು ಒಂದೇ. ಮಾವ ಏರಿಯ ಮೇಲೆ ನಿಂತು ಕೈ ಚಾಚಿ ನೀರು ಬರುವ ದಿಕ್ಕು, ಹೋಗುವ ದಿಕ್ಕು ತೋರಿಸಿದರು.

"ಕಟ್ಟೋರು ಮೊದ್ಲು ನೋಡಿದ್ದು ಇದನ್ನೇ. ನಾವಿಲ್ದೆ ಇದ್ರೆ ನೀರು ಯಾವ ಕಡೆ ಹೋಗುತ್ತೆ? ಅದನ್ನ ತಿಳ್ಕೊಂಡು ಆಮೇಲೆ ಎಲ್ಲಿ ತಡೀಬೇಕೋ ಅಲ್ಲಿ ತಡೆದ್ರು. ನೀವು ಮೊದ್ಲು ಗೆರೆ ಎಳೆದು ಆಮೇಲೆ ನೀರಿಗೆ ಹೋಗು ಅಂತೀರಿ."

ಈ ಮಾತನ್ನು ಬೇರೆ ಯಾರಾದರೂ ಅಂದಿದ್ದರೆ ನಾನು ಜಗಳ ಕಾಯುತ್ತಿದ್ದೆ. ಆದರೆ ಆ ಹೊತ್ತಿಗೆ ಅವರ ಮುಖ ನೋಡುತ್ತಿದ್ದೆ. ಮನೆಯಲ್ಲಿ ಪೇಪರು ಹಿಡಿದು ಮೌನವಾಗಿ ಕೂರುವ ಮನುಷ್ಯ ಇವರೇನಾ ಅನ್ನಿಸಿತು. ಬರುವ ದಾರಿಯುದ್ದಕ್ಕೂ ಆಟೋದಲ್ಲಿ ಅವರೇ ಮಾತಾಡಿದರು, ನಾನು ಕೇಳಿದೆ.

ಅಲ್ಲಿಂದ ಎರಡು ವಾರ ನಮ್ಮದು ಜೋಡಿ ಕಚೇರಿ. ನಾನು ಅಳತೆ ಹಿಡಿದು ಪರದೆಯ ಮೇಲೆ ಬರೆಯುವುದು, ಅವರು ಪೆನ್ಸಿಲಿನಲ್ಲಿ ಪೇಪರಿನ ಅಂಚಿನ ಮೇಲೆ ಬರೆಯುವುದು. ಟ್ಯಾಂಕು ಮೇಲೇರಿತು, ಪಂಪು ಅದರ ಕೆಳಗಿಳಿಯಿತು. ಗಾಳಿ ಹೊರಬರಲು ನೆತ್ತಿಯಲ್ಲಿ ಒಂದು ಮುಚ್ಚಳ, ನೀರು ತೆಗೆಯಲು ತೀರ ಕೆಳಗೆ ಒಂದು ಪುಟ್ಟ ನಲ್ಲಿ. ನನ್ನ ಕಮಾನು ಹೋಯಿತು. ಜೊತೆಜೊತೆಯಾಗಿ ಸಾಗುತ್ತಿದ್ದ ನನ್ನ ಆರು ಕೊಳವೆಗಳಲ್ಲಿ ಎರಡು ಹೋದವು. ನೀಲಿ ನೀರಂತೂ ಮೊದಲನೆಯ ಮಾತಿಗೇ ಹೋಯಿತು. "ಬಣ್ಣ ಇದ್ರೆ ಒಳಗೆ ಕೊಳೆತಿದ್ದು ಹೇಗೆ ಗೊತ್ತಾಗುತ್ತೆ? ತಿಳಿ ನೀರೇ ಇರ್ಲಿ. ಕಲಕಿದ್ರೆ ಕಣ್ಣಿಗೆ ಕಾಣ್ಬೇಕು" ಎಂದರು. ಗಿರಿಜಾ ಚಹಾ ತಂದಿಟ್ಟು ನಮ್ಮಿಬ್ಬರನ್ನೂ ನೋಡಿ, ಒಂದು ದಿನ ಬಾಗಿಲಲ್ಲೇ ನಿಂತು, "ಅಪ್ಪ ಹಾಡು ಗುನುಗ್ತಿದಾರೆ, ಕೇಳಿಸ್ತಾ?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಕೇಳಿಸಿತು. ಫ್ಯಾನಿನ ಭೋರಿನ ನಡುವೆಯೂ ಕೇಳಿಸಿತು.

ಕೊಳವೆ ಬಗ್ಗಿಸುವ ಕೆಲಸ ಬಾಲ್ಕನಿಯಲ್ಲಿ ನಡೆಯಿತು. ಆ ಗಟ್ಟಿ ಪ್ಲಾಸ್ಟಿಕ್ ಕೊಳವೆಯೊಳಗೆ ರಬ್ಬರಿನ ಹಗ್ಗ ತೂರಿಸಿ, ಬಿಸಿಗಾಳಿ ಊದಿ, ಮೆತ್ತಗಾದಾಗ ಅಳತೆಗೆ ಬಗ್ಗಿಸಬೇಕು. ನನ್ನ ಮೊದಲ ಕೊಳವೆ ಕಪ್ಪೆ ನುಂಗಿದ ಹಾವಿನಂತಾಯಿತು. ಎರಡನೆಯದು ಆ ಹಾವು ಕಪ್ಪೆಯನ್ನು ಉಗುಳಿದಂತಾಯಿತು. ಐದನೆಯದಕ್ಕೆ ಕೈ ಕೂಡಿಬಂತು. ಅದನ್ನು ಬಿಸಿಲಿಗೆ ಹಿಡಿದು ನೋಡಿದಾಗ ಆದ ಸಂತೋಷ, ಮೂವತ್ತು ಮಹಡಿ ಕಟ್ಟಿದಾಗಲೂ ಆಗಿರಲಿಲ್ಲ ಎಂದರೆ ನೀವು ನಂಬಬೇಕು. ನನ್ನ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವನ್ನು ನಾನು ಮಾಡಿದ್ದು ಅದೇ ಮೊದಲು.

ಎಲ್ಲ ಜೋಡಿಸಿ ನೀರು ತುಂಬಿದ ದಿನ ನನಗೆ ಅವಸರ. ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪನ್ನು ಮಾತ್ರ ಓಡಿಸಿ, ಜಾಯಿಂಟುಗಳು ಸೋರುತ್ತವೆಯೇ ಎಂದು ನೋಡಬೇಕು. ಒಂದು ಗಂಟೆ ಸಾಕು ಎಂದು ನನ್ನ ಲೆಕ್ಕ. ಒಂದು ಹನಿ ತಪ್ಪಿ ಬಿದ್ದರೂ ನನ್ನ ಹನ್ನೆರಡು ವರ್ಷದ ಅನ್ನದ ಬಟ್ಟಲು ಸುಟ್ಟುಹೋಗುತ್ತದೆ ಎಂದು ಗೊತ್ತಿದ್ದೂ ಆ ಅವಸರ. ಮಾವ ಪ್ರತಿ ಜಾಯಿಂಟಿನ ಕೆಳಗೂ ಬಿಳಿ ಟಿಶ್ಯೂ ಕಾಗದ ಮಡಿಸಿ ಇಟ್ಟರು. ಕುರ್ಚಿ ಹಾಕಿಕೊಂಡು ಕೂತರು.

"ಇವತ್ತು ಪೂರ್ತಿ ಓಡ್ಲಿ ಅಳಿಯಂದ್ರೇ."

"ಮಾವ, ಒಂದು ಗಂಟೆ ಆಯ್ತಲ್ಲ. ಎಲ್ಲಾ ಒಣಗೇ ಇದೆ."

ಅವರು ಕುರ್ಚಿ ಬಿಟ್ಟು ಏಳದೆ, ನಾನು ಎಂದೂ ಕೇಳಿರದ ಒಂದು ವಿಷಯ ಹೇಳಿದರು. ಬಹಳ ಹಿಂದೆ ತ್ಯಾಗರಾಜನಗರದ ಒಂದು ಬೀದಿಗೆ ಹೊಸ ಪೈಪು ಹಾಕಿದ್ದರಂತೆ. ಮೊದಲ ದಿನ ವಾಲ್ವನ್ನು ಕಾಲು ಸುತ್ತು ತಿರುಗಿಸಿ, ದಿನವಿಡೀ ಬಿಟ್ಟು ನೋಡಬೇಕು. ಬೀದಿಯವರೆಲ್ಲ ಬಿಂದಿಗೆ ಹಿಡಿದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಹಾರವನ್ನೂ ಹಾಕಿದ್ದರು. ಹುಮ್ಮಸ್ಸಿನಲ್ಲಿ ಮಾವ ಪೂರ್ತಿ ತಿರುಗಿಸಿಬಿಟ್ಟರು. ಅವತ್ತು ಒಂದು ಮನೆಯಲ್ಲಿ ಗೃಹಪ್ರವೇಶ. ಸರಿಯಾಗಿ ಅವರ ಗೇಟಿನ ಕೆಳಗಿನ ಜಾಯಿಂಟು ಕಿತ್ತುಕೊಂಡು, ರಂಗೋಲಿ, ಹೋಮದ ಕಟ್ಟಿಗೆ, ಸಾಲಾಗಿ ಹಾಸಿದ್ದ ಬಾಳೆಲೆ ಎಲ್ಲ ತೇಲಿಹೋದವು. ಪುರೋಹಿತರು ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಮಂತ್ರ ಹೇಳಿದರಂತೆ.

"ಆ ಮನೆ ಯಜಮಾನರು ಬೈಲಿಲ್ಲ. 'ಗಂಗಮ್ಮನೇ ಬಂದ್ಳು ಬಿಡಿ' ಅಂದ್ರು. ಬೈದಿದ್ರೆ ಮರ್ತುಬಿಡ್ತಿದ್ದೆ. ಆಮೇಲೆ ರಿಟೈರ್ ಆಗೋವರ್ಗೂ ಆ ಬೀದೀಲಿ ತಲೆ ಎತ್ತಿ ನಡೀಲಿಲ್ಲ."

ನಾನೂ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತೆ. ಕೊಳವೆಗಳಲ್ಲಿ ಗುಳ್ಳೆಗಳು ಒಂದೊಂದಾಗಿ ಮೇಲೇರಿ, ಅವರು ಹೇಳಿದ್ದ ಜಾಗದಲ್ಲೇ ಸೇರಿ, ಅವರು ಇಡಿಸಿದ್ದ ಮುಚ್ಚಳದಿಂದಲೇ ಹೊರಟುಹೋಗುತ್ತಿದ್ದವು. ಊಟವನ್ನೂ ತಟ್ಟೆ ಹಿಡಿದು ಅಲ್ಲೇ ಮಾಡಿದೆವು. ನಾಲ್ಕು ಗಂಟೆಗೆ ಗಿರಿಜಾ ಶಾಲೆಯಿಂದ ಬಂದು ಬಾಗಿಲು ತೆರೆಯುವ ಹೊತ್ತಿಗೆ ಮಾವ ಬಗ್ಗಿ ಒಂದು ಟಿಶ್ಯೂವನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ನಡುವೆ ಸಾಸಿವೆಯಷ್ಟು ದೊಡ್ಡ ಒಂದು ಒದ್ದೆ ಚುಕ್ಕೆ.

ಆ ಚುಕ್ಕೆಯ ನೇರಕ್ಕೆ ಮೇಲೆ ಇದ್ದದ್ದು ನಾನು ಬಿಸಿಲಿಗೆ ಹಿಡಿದು ಸಂಭ್ರಮಪಟ್ಟಿದ್ದ ಆ ಐದನೆಯ ಕೊಳವೆ. ಅದರ ಕೆಳಗೆ ಕಂಪ್ಯೂಟರಿನ ಎಲ್ಲಕ್ಕಿಂತ ಮುಖ್ಯವಾದ ಕಾರ್ಡು. ಒಂದು ಗಂಟೆ ಆದ ಕೂಡಲೇ ಸ್ವಿಚ್ಚು ಒತ್ತಿದ್ದರೆ ಅದು ಸುಟ್ಟೇಹೋಗುತ್ತಿತ್ತು. ನೀರು ಇಳಿಸಿ ಕೊಳವೆ ಬಿಚ್ಚಿದೆವು. ಮಾವ ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿ ನನ್ನ ಕಡೆ ಚಾಚಿದರು. ನಾನೂ ಸವರಿದೆ. ಅಂಚು ಬ್ಲೇಡಿನಷ್ಟು ಹರಿತವಾಗಿತ್ತು. ಕತ್ತರಿಸಿದ ಮೇಲೆ ಉಜ್ಜಿ ನಯ ಮಾಡುವುದನ್ನು ಸಂಭ್ರಮದಲ್ಲಿ ಮರೆತಿದ್ದೆ. ಆ ಅಂಚು ಜಾಯಿಂಟಿನೊಳಗೆ ನೀರು ತಡೆಯುವ ರಬ್ಬರ್ ಉಂಗುರವನ್ನು ಗೀರಿತ್ತು.

ಅವರು, "ನಾನು ಹೇಳ್ಲಿಲ್ವಾ?" ಎನ್ನಲಿಲ್ಲ. ಎಂಟು ತುದಿಗಳನ್ನೂ ಮರಳುಕಾಗದದಿಂದ ಉಜ್ಜಿದೆವು, ನಾಲ್ಕು ಅವರು, ನಾಲ್ಕು ನಾನು. ಉಂಗುರ ಬದಲಾಯಿಸಿದೆವು. ಮಾರನೆಯ ದಿನ ಮತ್ತೆ ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಹಾಕಿಕೊಂಡು ಕೂತೆವು. ಟಿಶ್ಯೂಗಳೆಲ್ಲ ಒಣಗಿದ್ದವು. ಆಗ ಮಾವ ಎದ್ದು, "ಈಗ ಬಿಡಿ" ಎಂದರು.

ಸ್ವಿಚ್ಚು ಒತ್ತಿ, ಒಂದು ಇಡೀ ಬಡಾವಣೆಯನ್ನೇ ಲೆಕ್ಕ ಹಾಕಲು ಕೊಟ್ಟೆ. ಹಳೆಯ ಅಭ್ಯಾಸದಿಂದ ಭೋರಿಗಾಗಿ ಕಾದೆ. ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ ಕಳೆದರೂ ಬರಲಿಲ್ಲ. ಗೋಡೆಯ ಗಡಿಯಾರ ಟಿಕ್ ಎನ್ನುವುದು ಕೇಳಿಸಿತು. ಆ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೆಳಗೆ ಎಳನೀರಿನವನು ಯಾರೊಂದಿಗೋ ನಗುತ್ತಿದ್ದದ್ದು ಕೇಳಿಸಿತು. ಗಿರಿಜಾ ಪುಸ್ತಕ ತೆರೆದು ಪಾಣಿಪತ್ ಯುದ್ಧವನ್ನು ಮೊದಲಿನಿಂದ ಓದಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಅವಳ ದನಿ ಅಷ್ಟು ಚೆನ್ನಾಗಿದೆ ಎಂದು ನನಗೆ ಮರೆತೇಹೋಗಿತ್ತು. ಓದಿ ಮುಗಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಶಬ್ದ ಏನೋ ಹೋಯ್ತು. ಸೆಕೆ ಮಾತ್ರ ರೂಮಲ್ಲಿ ಹಾಗೇ ಇದೆಯಲ್ರೀ" ಎಂದಳು. ಅದು ನಿಜವೇ. ನೀರು ಶಾಖವನ್ನು ನುಂಗುವುದಿಲ್ಲ, ಹೊತ್ತು ತಂದು ಹೊರಗೆ ಹಾಕುತ್ತದೆ, ಅಷ್ಟೆ. ಅದಕ್ಕೆ ಈಗ ಕಿಟಕಿಯ ಒಂದು ಬಾಗಿಲು ತೆರೆದಿಡುತ್ತೇವೆ.

ಮೂರು ದಿನ ಬಿಟ್ಟು ರಂಜಿತಾಳ ಸಂದೇಶ ಬಂತು. "ಮೇಡಂ, ಒಂದೊಂದು ಅಕ್ಷರಾನೂ ಕೇಳಿಸ್ತು. ಯಾರೋ ಒಬ್ರು ಕೆಮ್ಮಿದ್ದೂ ಕೇಳಿಸ್ತು. ಅವ್ರಿಗೆ ಹುಷಾರಾ?" ಕೆಮ್ಮಿದ್ದು ಮಾವ. ತಮ್ಮ ಕೆಮ್ಮು ವಿಲ್ಸನ್ ಗಾರ್ಡನ್ನಿನವರೆಗೆ ಹೋಗಿ ಅಲ್ಲಿಂದ ವಿಚಾರಣೆ ಬಂದದ್ದು ಅವರಿಗೆ ಬಹಳ ಹಿಡಿಸಿತು. ಆ ಮಗುವನ್ನು ಮನೆಗೆ ಕರೆಯಲೇಬೇಕು ಎಂದು ಹಟ ಹಿಡಿದರು.

ಒಂದು ಶನಿವಾರ ಮಧ್ಯಾಹ್ನ ರಂಜಿತಾ ತನ್ನ ಅಕ್ಕನ ತೋಳು ಹಿಡಿದು ಬಂದಳು. ನಾನು ಕಂಪ್ಯೂಟರನ್ನು ಆಫ್ ಮಾಡಿ, ಕೊಳವೆಗಳು ತಣಿಯುವವರೆಗೆ ಕಾದು, ಬದಿಯ ಗಾಜು ತೆಗೆದಿಟ್ಟೆ. ಇಷ್ಟು ಜನಕ್ಕೆ ತೋರಿಸಿದ್ದೇನೆ, ಆದರೆ ಅವಳ ಹಾಗೆ ಯಾರೂ ನೋಡಲಿಲ್ಲ. ಅವಳು ಬೆರಳ ತುದಿಯನ್ನು ಟ್ಯಾಂಕಿನ ಮೇಲಿಟ್ಟು, ಅಲ್ಲಿಂದ ಇಳಿದು, ಪಂಪನ್ನು ಸವರಿ, ಕೊಳವೆಯ ಗುಂಟ ಹೊರಟಳು. ಒಂದೊಂದು ತಿರುವಿನಲ್ಲೂ ನಿಂತು, "ಇಲ್ಲಿಂದ ಮೇಲಕ್ಕೆ... ಇಲ್ಲಿ ಬಿಸಿ ಆಗುತ್ತೆ ಅಲ್ವಾ ತಾತ? ಇಲ್ಲಿ ಆರುತ್ತೆ" ಎನ್ನುತ್ತ ಹೋದಳು. ಮಾವ ಪಕ್ಕದಲ್ಲಿ ಮೊಣಕಾಲೂರಿ, "ಹಾಂ, ಸರಿ ಮಗಾ, ಮುಂದೆ ಹೋಗು" ಎನ್ನುತ್ತಿದ್ದರು. ನಾನು ಒಂದೂ ಮಾತು ಹೇಳಬೇಕಾಗಲಿಲ್ಲ. ಯಾರೂ ವಿವರಿಸದೆ ಓದಬಲ್ಲ ನಕ್ಷೆ ನಮ್ಮದು ಎಂದು ಎದೆ ತುಂಬಿ ನಿಂತಿದ್ದೆ.

ಟ್ಯಾಂಕಿಗೆ ಮರಳುವ ಕೊನೆಯ ಕೊಳವೆಯ ಹತ್ತಿರ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂತು.

"ತಾತ, ಇಲ್ಲಿ ಯಾಕೆ ಸುಮ್ನೆ ಆಚೆ ಬಂದು ತಿರುಗಿ ಹೋಗಿದೆ? ನೇರವಾಗಿ ಹೋಗ್ಬೋದಿತ್ತಲ್ವಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಆ ಬಾಗನ್ನು ನಾನೇ ಸೂಚಿಸಿದ್ದೆ, ಮಾವ ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ನೋಡಿ, "ಇರ್ಲಿ" ಎಂದಿದ್ದರು. ನನ್ನ ಷಡ್ಡಕನಿಗೆ, ಸುಮಿತ್ರಾ ಆಂಟಿಗೆ, ಇಬ್ಬರು ಬಿಲ್ಡರುಗಳಿಗೆ ನಾನು ಅದನ್ನೇ ಬೆರಳಿಟ್ಟು ತೋರಿಸಿ, ನೀರಿನ ರಭಸ ತಗ್ಗಿಸಲು ಅದು ಬಹಳ ಮುಖ್ಯ, ಅನುಭವಸ್ಥರೇ ಒಪ್ಪಿದ್ದು ಎಂದು ವಿವರಿಸಿದ್ದೆ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಾವ ತಗ್ಗಿದ ದನಿಯಲ್ಲಿ, ನಾನು ಪಕ್ಕದಲ್ಲೇ ಇರುವುದನ್ನು ಮರೆತವರಂತೆ ಹೇಳಿದರು.

"ಅದು ಬೇಕಾಗಿರ್ಲಿಲ್ಲ ಮಗಾ. ನಮ್ಮ ಅಳಿಯಂದ್ರು ಆಸೆಪಟ್ಟು ಬರೆದಿದ್ರು. ಚೆನ್ನಾಗಿತ್ತು. ನೀರಿಗೇನೂ ತೊಂದ್ರೆ ಇಲ್ಲ ಅಂತ ಬಿಟ್ಟೆ."

ರಂಜಿತಾ ಆ ಬಾಗನ್ನು ಇನ್ನೊಂದು ಸಲ ಮೆಲ್ಲಗೆ ಸವರಿದಳು. "ಹೌದು ತಾತ, ಚೆನ್ನಾಗಿದೆ" ಎಂದಳು.

ಗಿರಿಜಾ ಕಾಫಿ ತಂದಳು. ನನ್ನ ಮುಖ ಕೆಂಪಾದದ್ದು ಅವಳಿಗೆ ಕಂಡಿತೋ ಇಲ್ಲವೋ ತಿಳಿಯದು. ಸಾಯಂಕಾಲ ಎಲ್ಲರೂ ಹೋದ ಮೇಲೆ ಒಬ್ಬನೇ ಹೋಗಿ ಅದರ ಎದುರು ಕೂತೆ. ಗಾಳಿಗೆ ದಾರಿ, ನೀರಿಗೆ ದಾರಿ, ಒಂದೂ ಸೋರದ ಎಂಟು ತುದಿಗಳು. ಹೆಮ್ಮೆಪಡಲು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದು ಮಾವನವರದು. ನನಗಾಗಿ ಅವರು ಬಿಟ್ಟದ್ದು, ಏನೂ ಕೆಲಸವಿಲ್ಲದ ಆ ಒಂದು ಬಾಗು. ಈಗ ಯಾರಾದರೂ ಮನೆಗೆ ಬಂದರೆ ನಾನು ಮೊದಲು ತೋರಿಸುವುದು ಅದನ್ನೇ. "ಇದೇನು ಪ್ರಯೋಜನ?" ಎಂದು ಕೇಳಿದರೆ, "ಏನೂ ಇಲ್ಲ" ಎಂದು ತಲೆಯೆತ್ತಿ ಹೇಳುತ್ತೇನೆ.